ದಾಂಡಿಗನ ತವರು

ಭಾನುವಾರದ ಬೆಳಗಿನಲ್ಲಿ ದಕ್ಷಿಣ ಬೆಂಗಳೂರಿನ ಪದ್ಮನಾಭನಗರದ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರು ಎರಡು ಬಗೆಯ ಕ್ರಿಕೆಟ್ಟನ್ನು ಕಾಣಬಹುದು. ಒಂದು ರಸ್ತೆಯ ಕ್ರಿಕೆಟ್. ಅಲ್ಲಿ ನಾಲ್ಕು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದೇ ವಿಕೆಟ್. ಟೆನಿಸ್ ಚೆಂಡು ಡಾಂಬರಿನ ಮೇಲೆ ಪುಟಿದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತದೆ. ಇನ್ನೊಂದು ಮೈದಾನದ ಕ್ರಿಕೆಟ್. ಅಲ್ಲಿ ಚರ್ಮದ ಚೆಂಡು, ಕಾಲಿಗೆ ಪ್ಯಾಡು, ನೆಲದಲ್ಲಿ ರಾತ್ರಿಯ ಇಬ್ಬನಿಯ ಪಸೆ.

ನಾನು ದಿನವೂ ಬೆಳಿಗ್ಗೆ ತಿರುಗಾಡುವ ದಾರಿಯಲ್ಲಿ ಒಬ್ಬ ಹುಡುಗನಿದ್ದಾನೆ. ತನ್ನ ರಸ್ತೆಯಲ್ಲಿ ಅವನನ್ನು ಔಟು ಮಾಡಿದವರೇ ವಿರಳ. ಮುಂಗಾಲನ್ನು ಊರಿ, ದಾಂಡನ್ನು ಬೀಸಿ, ಚೆಂಡನ್ನು ಬೌಲರನ ತಲೆಯ ಮೇಲೆ ಕಳುಹಿಸುವುದು ಅವನಿಗೆ ಲೀಲೆ. ಒಂದು ಭಾನುವಾರ ಅವನನ್ನು ಮೈದಾನದ ಪಂದ್ಯಕ್ಕೆ ಕರೆದೊಯ್ದರು. ಮೊದಲ ಚೆಂಡಿಗೆ ಅವನು ಎಂದಿನಂತೆ ಮುಂಗಾಲನ್ನು ಊರಿದನು. ಚೆಂಡು ಪಸೆಯ ನೆಲಕ್ಕೆ ಬಿದ್ದು ತುಸು ತಡೆದು ಬಂದಿತು. ದಾಂಡು ಮೊದಲೇ ಮುಂದೆ ಹೋಗಿತ್ತು. ಎರಡನೆಯ ಚೆಂಡು ಅವನ ಎಣಿಕೆಗಿಂತ ಒಂದು ಗೇಣು ಮೇಲೆದ್ದು ದಾಂಡಿನ ಅಂಚನ್ನು ಸವರಿ ಹಿಂದಿದ್ದವನ ಕೈಸೇರಿತು. ಹಿಂದಿರುಗುವಾಗ ಜೊತೆಯ ಹುಡುಗರು, "ಏನೋ, ಮನೇಲಿ ಹುಲಿ, ಬೀದೀಲಿ ಇಲಿ!" ಎಂದು ನಕ್ಕರು. ಗಾದೆಯನ್ನು ಅವರು ತುಸು ತಿರುವುಮುರುವಾಗಿ ಹೇಳಿದ್ದರು. ಈ ಹುಡುಗನು ಬೀದಿಯಲ್ಲಿಯೇ ಹುಲಿ. ಆದರೂ ಅವನ ಮುಖ ಬಾಡಿತು.

ಇದೇ ಗಾದೆಯ ಮಾತನ್ನು ನಮ್ಮ ಪತ್ರಿಕೆಗಳೂ ಕ್ರಿಕೆಟ್ ಪ್ರೇಮಿಗಳೂ ದೇಶದ ಪ್ರಸಿದ್ಧ ದಾಂಡಿಗರ ಮೇಲೆ ಪ್ರಯೋಗಿಸುವುದುಂಟು. ಕಾನ್ಪುರದಲ್ಲಿಯೋ ಚೆನ್ನೈಯಲ್ಲಿಯೋ ನೂರು ಹೊಡೆದವನು ಲೀಡ್ಸ್‌ನಲ್ಲಿ, ಪರ್ತ್‌ನಲ್ಲಿ ಹತ್ತು ರನ್ನಿಗೆ ಔಟಾದರೆ ಅವನ ಧೈರ್ಯವನ್ನು ಶಂಕಿಸುತ್ತೇವೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು? ತವರು ನೆಲದಿಂದ ಪರನೆಲಕ್ಕೆ ಹೋದಾಗ ನಿಜವಾಗಿ ಬದಲಾಗುವುದು ಏನು? ಇದನ್ನು ಅರಿಯದೆ ಹೊಗಳಿದರೂ ತೆಗಳಿದರೂ ಅದು ಬರಿಯ ಮಾತಾಗುತ್ತದೆ.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಅಂಕಣದ ಉದ್ದ 22 ಗಜ, ಎಂದರೆ ಸುಮಾರು 20 ಮೀಟರು. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬೌಲರನ ಕೈಬಿಟ್ಟ ಚೆಂಡು ದಾಂಡಿಗನನ್ನು ತಲುಪಲು ಹೆಚ್ಚೆಂದರೆ ಅರ್ಧ ಸೆಕೆಂಡು. ಇಷ್ಟರೊಳಗೆ ಚೆಂಡು ಎಲ್ಲಿ ಬೀಳುತ್ತದೆ, ಎಷ್ಟು ಮೇಲೇಳುತ್ತದೆ, ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಊಹಿಸಿ, ಹೆಜ್ಜೆಯಿಟ್ಟು, ದಾಂಡನ್ನು ತರಬೇಕು. ಕುಳಿತು ಯೋಚಿಸಲು ಅಲ್ಲಿ ಅವಕಾಶವಿಲ್ಲ. ಹೀಗಾಗಿ ದಾಂಡಿಗನು ಆಡುವುದು ಬಹುಮಟ್ಟಿಗೆ ಅಭ್ಯಾಸಬಲದಿಂದ. ಬಾಲ್ಯದಿಂದ ಸಾವಿರಾರು ಚೆಂಡುಗಳನ್ನು ಎದುರಿಸಿ ಅವನ ಕಣ್ಣೂ ಕಾಲೂ ಒಂದು ಲೆಕ್ಕವನ್ನು ಕಲಿತಿರುತ್ತವೆ: ಇಷ್ಟು ದೂರದಲ್ಲಿ ಬಿದ್ದ ಚೆಂಡು ಇಷ್ಟು ಎತ್ತರಕ್ಕೆ ಬರುತ್ತದೆ ಎಂಬ ಲೆಕ್ಕ. ಆ ಲೆಕ್ಕವನ್ನು ಕಲಿಸಿದ ಗುರು ಅವನ ಊರಿನ ಮಣ್ಣು. ಊರು ಬದಲಾದರೆ ಲೆಕ್ಕ ತಪ್ಪುತ್ತದೆ. ತಪ್ಪಿದ್ದು ತಿಳಿಯುವುದರೊಳಗೆ ಚೆಂಡು ವಿಕೆಟ್ ಕೀಪರನ ಕೈಯಲ್ಲಿರುತ್ತದೆ.

ಅಂಕಣವೆಂಬುದು ಜೇಡಿಮಣ್ಣನ್ನು ಹಾಸಿ, ನೀರುಣಿಸಿ, ಉರುಳುಗಲ್ಲನ್ನು ಉರುಳಿಸಿ ಗಟ್ಟಿಮಾಡಿದ ನೆಲ. ಮಣ್ಣಿನಲ್ಲಿ ಜೇಡಿಯ ಅಂಶ ಎಷ್ಟು, ಮೇಲೆ ಹುಲ್ಲು ಎಷ್ಟು, ಒಳಗೆ ತೇವ ಎಷ್ಟು ಎಂಬುದರ ಮೇಲೆ ಚೆಂಡಿನ ನಡವಳಿಕೆ ನಿಂತಿದೆ. ನಮ್ಮ ದೇಶದಲ್ಲಿ ಬಿಸಿಲು ತೀವ್ರ. ಹುಲ್ಲನ್ನು ಬೋಳಿಸಿದ ಅಂಕಣ ಎರಡು ಮೂರು ದಿನಗಳಲ್ಲಿ ಒಣಗಿ ಬಿರಿಯುತ್ತದೆ. ಚೆಂಡು ಸಾಮಾನ್ಯವಾಗಿ ಮೊಣಕಾಲಿನ ಆಸುಪಾಸಿನಲ್ಲಿ ಬರುತ್ತದೆ. ವೇಗವೂ ನೆಲಕ್ಕೆ ತಾಗಿದೊಡನೆ ಕುಗ್ಗುತ್ತದೆ. ಇಂಥ ಕಡೆ ಮುಂಗಾಲನ್ನು ಊರಿ ಚೆಂಡಿನ ಗತಿಗೆ ನೇರವಾಗಿ ದಾಂಡನ್ನು ತಂದರೆ ಕೆಲಸವಾಗುತ್ತದೆ. ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಗಳ ಅನೇಕ ಅಂಕಣಗಳು ಇದಕ್ಕಿಂತ ಗಡುಸು. ಅದೇ ದೂರದಲ್ಲಿ ಬಿದ್ದ ಚೆಂಡು ಅಲ್ಲಿ ಸೊಂಟದ ಮಟ್ಟಕ್ಕೆ, ಕೆಲವೊಮ್ಮೆ ಎದೆಯ ಮಟ್ಟಕ್ಕೆ ಏರುತ್ತದೆ. ಇಲ್ಲಿ ಬೌಂಡರಿ ತಂದುಕೊಟ್ಟ ಹೊಡೆತವೇ ಅಲ್ಲಿ ಸ್ಲಿಪ್ಪಿನಲ್ಲಿ ನಿಂತವನಿಗೆ ಕ್ಯಾಚಾಗುತ್ತದೆ. ಪದ್ಮನಾಭನಗರದ ಹುಡುಗನಿಗೆ ಆದದ್ದೂ ಇದೇ.

ಇಂಗ್ಲೆಂಡಿನ ಕಷ್ಟ ಬೇರೆ ಬಗೆಯದು. ಅಲ್ಲಿ ದಾಂಡಿಗನನ್ನು ನೆಲಕ್ಕಿಂತ ಮೊದಲು ಗಾಳಿ ಪರೀಕ್ಷಿಸುತ್ತದೆ. ಕ್ರಿಕೆಟ್ ಚೆಂಡಿನ ನಡುವೆ ಎದ್ದು ಕಾಣುವ ಹೊಲಿಗೆಯುಂಟು. ಬೌಲರನು ಚೆಂಡಿನ ಒಂದು ಬದಿಯನ್ನು ಬಟ್ಟೆಗೆ ಉಜ್ಜಿ ನುಣುಪಾಗಿ ಇಟ್ಟುಕೊಂಡು, ಇನ್ನೊಂದು ಬದಿಯನ್ನು ಒರಟಾಗಲು ಬಿಡುತ್ತಾನೆ. ಹೊಲಿಗೆಯನ್ನು ಓರೆಯಾಗಿ ಹಿಡಿದು ಎಸೆದಾಗ ಎರಡು ಬದಿಗಳಲ್ಲಿ ಗಾಳಿಯ ಹರಿವು ಒಂದೇ ತೆರನಾಗಿರುವುದಿಲ್ಲ. ಹೊಲಿಗೆ ಮತ್ತು ಒರಟುತನ ಕದಡಿದ ಬದಿಯಲ್ಲಿ ಗಾಳಿಯ ಪದರ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹರಿಯುತ್ತದೆ. ನುಣುಪಾದ ಬದಿಯಲ್ಲಿ ಬೇಗನೆ ಕಳಚಿಕೊಳ್ಳುತ್ತದೆ. ಇದರಿಂದ ಒತ್ತಡದಲ್ಲಿ ವ್ಯತ್ಯಾಸ ಹುಟ್ಟಿ ಚೆಂಡು ಗಾಳಿಯಲ್ಲಿಯೇ ಬಾಗುತ್ತದೆ. ಇದಕ್ಕೆ ಸ್ವಿಂಗ್ ಎಂದು ಹೆಸರು.

ಮೋಡ ಕವಿದ ದಿನ ಸ್ವಿಂಗ್ ಹೆಚ್ಚು ಎಂಬುದು ಆಟಗಾರರೆಲ್ಲರ ಅನುಭವ. ತೇವದ ಗಾಳಿ ಭಾರವಾಗಿರುವುದೇ ಇದಕ್ಕೆ ಕಾರಣವೆಂದು ಹಲವರು ಹೇಳುವುದನ್ನು ನೀವು ಕೇಳಿರಬಹುದು. ಅದು ತಪ್ಪು. ನೀರಿನ ಆವಿ ಬೆರೆತ ಗಾಳಿ ಒಣಗಾಳಿಗಿಂತ ಹಗುರ. ಬಿಸಿಲಿಲ್ಲದ ದಿನ ನೆಲ ಕಾಯುವುದಿಲ್ಲ. ಕಾಯದ ನೆಲದಿಂದ ಬಿಸಿಗಾಳಿ ಮೇಲೇಳುವುದಿಲ್ಲ. ಗಾಳಿ ನಿಶ್ಚಲವಾಗಿರುವುದರಿಂದ ಚೆಂಡಿನ ಸುತ್ತಲಿನ ನವುರಾದ ಹರಿವು ಕೆಡುವುದಿಲ್ಲ ಎಂದು ಕೆಲವು ವಿಜ್ಞಾನಿಗಳು ವಿವರಿಸುತ್ತಾರೆ. ಈ ವಿಷಯದ ಚರ್ಚೆ ಇನ್ನೂ ಮುಗಿದಿಲ್ಲ.

ಚೆಂಡೂ ಎಲ್ಲ ದೇಶಗಳಲ್ಲಿ ಒಂದೇ ಅಲ್ಲ ಎಂಬುದು ಅನೇಕರಿಗೆ ತಿಳಿಯದು. ಭಾರತದ ಟೆಸ್ಟ್ ಪಂದ್ಯಗಳಲ್ಲಿ ಮೀರತ್‌ನಲ್ಲಿ ತಯಾರಾಗುವ ಎಸ್‌ಜಿ ಚೆಂಡು, ಇಂಗ್ಲೆಂಡಿನಲ್ಲಿಯೂ ವೆಸ್ಟ್ ಇಂಡೀಸಿನಲ್ಲಿಯೂ ಡ್ಯೂಕ್ಸ್ ಚೆಂಡು, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮುಂತಾದೆಡೆ ಕೂಕಬುರಾ ಚೆಂಡು ಬಳಕೆಯಲ್ಲಿವೆ. ಮೊದಲೆರಡರ ಹೊಲಿಗೆ ಪೂರ್ತಿ ಕೈಹೊಲಿಗೆ; ಬಹಳ ಹೊತ್ತು ಉಬ್ಬಿಕೊಂಡೇ ಇರುತ್ತದೆ. ಕೂಕಬುರಾದ ಹೊಲಿಗೆಯಲ್ಲಿ ಒಂದಂಶ ಯಂತ್ರದ್ದು. ಅದು ಬೇಗ ತಗ್ಗುತ್ತದೆ. ಇನ್ನು ಪರಊರಿನ ಊಟ, ನಿದ್ದೆ, ಚಳಿ, ಪ್ರೇಕ್ಷಕರ ಕೂಗಾಟ ಇವುಗಳ ಪ್ರಭಾವವೂ ಇರಬಹುದಾದರೂ, ಅದನ್ನು ಅಳೆಯುವುದು ಕಷ್ಟ. ನನ್ನ ಮಟ್ಟಿಗೆ ಹೇಳುವುದಾದರೆ, ಅಂಕಣ, ಗಾಳಿ, ಚೆಂಡು ಈ ಮೂರೇ ಮುಖ್ಯ.

ಹೀಗೆ ಎಡವುವವರು ನಮ್ಮವರು ಮಾತ್ರವೆಂದು ಭಾವಿಸಬಾರದು. ಬೌಲರನು ಚೆಂಡನ್ನು ಬೆರಳಿನಿಂದಲೋ ಮಣಿಕಟ್ಟಿನಿಂದಲೋ ತಿರುಗಿಸಿ ಎಸೆದಾಗ, ನಮ್ಮ ಒಣಗಿದ ನೆಲ ಅದನ್ನು ಕಚ್ಚಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತದೆ. ಗಡುಸು ನೆಲದಲ್ಲಿ ಬೆಳೆದವರಿಗೆ ಈ ತಿರುವು ಹೊಸದು. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್ ಅವರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1974ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಬೆಂಗಳೂರಿನವರೇ ಆದ ಬಿ. ಎಸ್. ಚಂದ್ರಶೇಖರ್ ಅವರು ಎರಡು ಸಲವೂ ಅವರನ್ನು ಔಟು ಮಾಡಿದರು. ರಿಚರ್ಡ್ಸ್ ಗಳಿಸಿದ್ದು 4 ಮತ್ತು 3 ರನ್. ಆದರೆ ಮುಂದಿನ ಪಂದ್ಯ ದೆಹಲಿಯಲ್ಲಿ ನಡೆದಾಗ ಅವರು ಔಟಾಗದೆ 192 ರನ್ ಹೊಡೆದರು. ಕಲಿಯಲು ಅವರಿಗೆ ಹೆಚ್ಚು ದಿನಗಳೇ ಬೇಕಾಗಲಿಲ್ಲ.

ಎಲ್ಲರಿಗೂ ಈ ವೇಗ ಸಾಧ್ಯವಾಗುವುದಿಲ್ಲ. ಆಸ್ಟ್ರೇಲಿಯದ ರಿಕಿ ಪಾಂಟಿಂಗ್ ಅವರು ನಮ್ಮ ಕಾಲದ ಶ್ರೇಷ್ಠ ದಾಂಡಿಗರಲ್ಲಿ ಒಬ್ಬರು. 2001ರಲ್ಲಿ ಭಾರತಕ್ಕೆ ಬಂದಾಗ ಅವರು ಮೂರು ಟೆಸ್ಟ್‌ಗಳ ಐದು ಇನಿಂಗ್ಸ್‌ಗಳಲ್ಲಿ ಒಟ್ಟು ಗಳಿಸಿದ್ದು ಕೇವಲ 17 ರನ್. ಆ ಐದರಲ್ಲಿ ಮೂರು ಸೊನ್ನೆಗಳು. ಭಾರತದ ನೆಲದಲ್ಲಿ ಅವರ ಮೊದಲ ಶತಕ ಬಂದದ್ದು 2008ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಂದು ಅವರು 123 ರನ್ ಗಳಿಸಿದರು. ಇಷ್ಟಾದರೂ ಭಾರತದಲ್ಲಿ ಅವರು ಆಡಿದ 14 ಟೆಸ್ಟ್‌ಗಳ ಸರಾಸರಿ 26ರ ಆಸುಪಾಸಿನಲ್ಲಿಯೇ ಉಳಿಯಿತು. ಅವರ ಒಟ್ಟು ಸರಾಸರಿ 51ಕ್ಕೂ ಮಿಗಿಲು. ಪಾಂಟಿಂಗ್ ಅವರನ್ನು ಯಾರೂ ಇಲಿಯೆಂದು ಕರೆಯಲಾರರು.

ಸರಾಸರಿಯ ಮಾತು ಬಂದುದರಿಂದ ಅದನ್ನು ಓದುವ ಕ್ರಮವನ್ನೂ ತಿಳಿದಿರಬೇಕು. ದಾಂಡಿಗನ ಸರಾಸರಿಯೆಂದರೆ ಒಟ್ಟು ರನ್ನುಗಳನ್ನು ಅವನು ಔಟಾದ ಸಲಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. ಆಡಿದ ಇನಿಂಗ್ಸ್‌ಗಳಿಂದ ಭಾಗಿಸುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಅವರು 164 ಟೆಸ್ಟ್‌ಗಳ 286 ಇನಿಂಗ್ಸ್‌ಗಳಲ್ಲಿ 13,288 ರನ್ ಗಳಿಸಿದರು. ಅವುಗಳಲ್ಲಿ 32 ಸಲ ಅವರು ಔಟಾಗಲಿಲ್ಲ. ಉಳಿದ 254ರಿಂದ ಭಾಗಿಸಿ ನೋಡಿರಿ, 52.31 ಬರುತ್ತದೆ. ಈಗ ಇದನ್ನು ಎರಡಾಗಿ ಬಿಡಿಸೋಣ. ಭಾರತದಲ್ಲಿ ಆಡಿದ 70 ಪಂದ್ಯಗಳಲ್ಲಿ 5,598 ರನ್, 15 ಶತಕ, ಸರಾಸರಿ 51.35. ಹೊರದೇಶಗಳಲ್ಲಿ ಆಡಿದ 94 ಪಂದ್ಯಗಳಲ್ಲಿ 7,690 ರನ್, 21 ಶತಕ, ಸರಾಸರಿ 53.03. ತವರಿಗಿಂತ ಪರನೆಲದಲ್ಲಿಯೇ ಹೆಚ್ಚು! ಇಂಥ ಲೆಕ್ಕವುಳ್ಳ ಭಾರತೀಯ ದಾಂಡಿಗರು ಬಹಳ ಮಂದಿಯಿಲ್ಲ.

ಆದರೆ ಅಂಕಿಗಳು ಅರ್ಧ ಕಥೆಯನ್ನು ಮಾತ್ರ ಹೇಳುತ್ತವೆ ಎಂಬುದಕ್ಕೆ ದ್ರಾವಿಡರಿಗಿಂತ ಹಿಂದಿನ ತಲೆಮಾರಿನ ಒಬ್ಬ ಕನ್ನಡಿಗರೇ ಸಾಕ್ಷಿ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರು ಬಾರಿಸಿದ 14 ಟೆಸ್ಟ್ ಶತಕಗಳಲ್ಲಿ 10 ಭಾರತದಲ್ಲಿ, ಹೊರಗಿನವು 4 ಮಾತ್ರ. ಅಂಕಿಯನ್ನಷ್ಟೇ ನೋಡುವವನು ಇಲ್ಲಿಗೇ ಪುಸ್ತಕ ಮುಚ್ಚಿ ತೀರ್ಪು ಕೊಟ್ಟುಬಿಡಬಹುದು. ನಾವು ಸ್ವಲ್ಪ ತಾಳೋಣ.

ಆ ನಾಲ್ಕರಲ್ಲಿ ಒಂದು 1976ರ ಏಪ್ರಿಲ್‌ನಲ್ಲಿ ವೆಸ್ಟ್ ಇಂಡೀಸಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬಂದಿತು. ಗೆಲ್ಲಲು ಭಾರತಕ್ಕೆ 403 ರನ್ ಬೇಕಾಗಿತ್ತು. ವಿಶ್ವನಾಥ್ 112, ಸುನಿಲ್ ಗಾವಸ್ಕರ್ 102 ರನ್ ಹೊಡೆದರು. ಕೊನೆಯಲ್ಲಿ ಮತ್ತೊಬ್ಬ ಕನ್ನಡಿಗರಾದ ಬ್ರಿಜೇಶ್ ಪಟೇಲ್ ಔಟಾಗದೆ ಉಳಿದು ತಂಡವನ್ನು ದಡ ಮುಟ್ಟಿಸಿದರು. ಭಾರತ 4 ವಿಕೆಟ್‌ಗೆ 406 ರನ್ ಗಳಿಸಿತು. ಅದುವರೆಗೆ ಯಾವ ತಂಡವೂ ನಾಲ್ಕನೆಯ ಇನಿಂಗ್ಸ್‌ನಲ್ಲಿ ಅಷ್ಟು ರನ್ ಹೊಡೆದು ಟೆಸ್ಟ್ ಗೆದ್ದಿರಲಿಲ್ಲ. ಇನ್ನೊಂದು 1979ರಲ್ಲಿ ಲಾರ್ಡ್ಸ್‌ನಲ್ಲಿ ಸೋಲುವಂತಿದ್ದ ಪಂದ್ಯವನ್ನು ದಿಲೀಪ್ ವೆಂಗ್‌ಸರ್ಕಾರ್ ಅವರೊಡನೆ ಉಳಿಸಿಕೊಟ್ಟ 113. ಮತ್ತೊಂದು 1981ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಗಳಿಸಿದ 114. ಆ ಇನಿಂಗ್ಸ್‌ನಲ್ಲಿ ಉಳಿದವರಾರೂ 50ನ್ನು ಮುಟ್ಟಲಿಲ್ಲ. ಆದರೂ ಕೊನೆಗೆ ಆ ಪಂದ್ಯವನ್ನು ಭಾರತವೇ 59 ರನ್ನುಗಳಿಂದ ಗೆದ್ದಿತು. ನಾಲ್ಕನೆಯದಾದ ಫೈಸಲಾಬಾದಿನ 145 ಗೆಲುವು ಸೋಲಿಲ್ಲದ ಪಂದ್ಯದ್ದು. ವಿಶ್ವನಾಥ್ ನೂರು ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಪೋರ್ಟ್ ಆಫ್ ಸ್ಪೇನ್ ಪರದೇಶವೇನೋ ಹೌದು. ಆದರೆ ಅಲ್ಲಿಯ ಅಂಕಣ ವೆಸ್ಟ್ ಇಂಡೀಸಿನ ಇತರ ಅಂಕಣಗಳಂತೆ ವೇಗದ್ದಲ್ಲ. ಚೆಂಡು ನಿಧಾನವಾಗಿ ಬಂದು ತಿರುಗುವ ನೆಲವೆಂದು ಅದಕ್ಕೆ ಹೆಸರು. ಅಂದು ಆತಿಥೇಯ ತಂಡ ಮೂವರು ಸ್ಪಿನ್ ಬೌಲರುಗಳನ್ನು ಆಡಿಸಿತ್ತು. ಹಾಗೆ ನೋಡಿದರೆ ನಮ್ಮವರು ಕಡಲು ದಾಟಿಹೋಗಿ ತವರಿನಂಥ ನೆಲವನ್ನೇ ಕಂಡಿದ್ದರು. ಇದಕ್ಕೆ ತದ್ವಿರುದ್ಧವಾದದ್ದು 1975ರ ಜನವರಿಯ ಮದರಾಸು ಟೆಸ್ಟ್. ನೆಲ ನಮ್ಮದೇ, ಆದರೆ ಅಂದು ಚೆಂಡು ಮೇಲೇಳುತ್ತಿತ್ತು. ವೆಸ್ಟ್ ಇಂಡೀಸಿನ ವೇಗದ ಬೌಲರ್ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತದ ಒಟ್ಟು 190. ಅದರಲ್ಲಿ ವಿಶ್ವನಾಥ್ ಅವರದು ಔಟಾಗದ 97. ಶತಕಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲ. ಆದರೂ ಇಂದಿಗೂ ಬಲ್ಲವರು ವಿಶ್ವನಾಥರ ಆಟವೆಂದೊಡನೆ ಮೊದಲು ನೆನೆಯುವುದು ಈ 97ನ್ನು. ಲೆಕ್ಕದ ಪುಸ್ತಕದಲ್ಲಿ ಇದು ತವರಿನ ಆಟ. ಆಟದ ಗುಣದಲ್ಲಿ ಇದು ಪರನೆಲದ ಆಟ.

ಕುಳ್ಳಗಿನ ಆಳಾದ ವಿಶ್ವನಾಥ್ ಎದ್ದು ಬರುವ ಚೆಂಡನ್ನು ಹಿಂಗಾಲಿನ ಮೇಲೆ ನಿಂತು ಚೌಕವಾಗಿ ಕಟ್ ಮಾಡುತ್ತಿದ್ದ ಸೊಗಸು ಇಲ್ಲಿ ಉಪಯೋಗಕ್ಕೆ ಬಂದಿತು. ನಮ್ಮ ನಾಡಿನಲ್ಲಿ ಶಾಲೆಗಳ ಮತ್ತು ಸಣ್ಣ ಕ್ಲಬ್ಬುಗಳ ಪಂದ್ಯಗಳು ಬಹುಕಾಲ ತೆಂಗಿನ ನಾರಿನ ಮ್ಯಾಟಿನ ಮೇಲೆ ನಡೆಯುತ್ತಿದ್ದವು. ಗಟ್ಟಿನೆಲದ ಮೇಲೆ ಬಿಗಿದು ಕಟ್ಟಿದ ಮ್ಯಾಟಿನಿಂದ ಚೆಂಡು ಮಣ್ಣಿನ ಅಂಕಣಕ್ಕಿಂತ ಹೆಚ್ಚಾಗಿ ಪುಟಿಯುತ್ತದೆ. ಮ್ಯಾಟಿನ ಮೇಲೆ ಆಡಿ ಬೆಳೆದ ಹುಡುಗರಿಗೆ ಪುಟಿಯುವ ಚೆಂಡಿನ ಪಾಠ ಊರಿನಲ್ಲಿಯೇ ತುಸು ಆಗಿರುತ್ತಿತ್ತು ಎಂದು ನನಗೆ ತೋರುತ್ತದೆ. ಬಡವರ ಅಂಕಣವೆಂದು ಅದನ್ನು ಹೀಯಾಳಿಸುವವರು ಈ ಲಾಭವನ್ನು ಮರೆಯುತ್ತಾರೆ.

ಮತ್ತೆ ದ್ರಾವಿಡರ ಕಡೆಗೆ ಬರೋಣ. ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯಲ್ಲಿ ಓದಿ, ಕೇಕಿ ತಾರಾಪೂರ್ ಅವರಲ್ಲಿ ಶಿಕ್ಷಣ ಪಡೆದ ಅವರು 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿ 95 ರನ್ ಗಳಿಸಿದರು. ಇದನ್ನು ಕೇಳಿ, ಅವರಿಗೆ ಪರನೆಲದ ಆಟ ಹುಟ್ಟಿನಿಂದಲೇ ಬಂದಿತ್ತು ಎಂದುಕೊಳ್ಳುವವರುಂಟು. ಅದು ಹಾಗಲ್ಲ. 1999ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯ ಪ್ರವಾಸಕ್ಕೆ ಹೋದಾಗ ಮೂರು ಟೆಸ್ಟ್‌ಗಳ ಆರು ಇನಿಂಗ್ಸ್‌ಗಳಲ್ಲಿ ಅವರಿಂದ ಬಂದದ್ದು 93 ರನ್ ಮಾತ್ರ, ಸರಾಸರಿ 15.50. ಮೂರು ಪಂದ್ಯಗಳನ್ನೂ ಭಾರತ ಸೋತಿತು. ಮರುವರ್ಷ, ಎಂದರೆ 2000ದ ಬೇಸಿಗೆಯಲ್ಲಿ, ಅವರು ಇಂಗ್ಲೆಂಡಿನ ಕೆಂಟ್ ಕೌಂಟಿಯ ಪರವಾಗಿ ಇಡೀ ಋತು ಆಡಿದರು. ಚಳಿ, ಮೋಡ, ತೇವದ ಅಂಕಣ, ವಾರವಾರವೂ ಪಂದ್ಯ. ಹೊಸ ಲೆಕ್ಕವನ್ನು ಕಣ್ಣಿಗೂ ಕಾಲಿಗೂ ಕಲಿಸಲು ಇದಕ್ಕಿಂತ ಬೇರೆ ಉಪಾಯವಿಲ್ಲ.

ಆ ಕಲಿಕೆ ಫಲ ಕೊಟ್ಟ ಒಂದು ದಿನವನ್ನು ವಿವರವಾಗಿ ನೋಡುವುದು ಒಳ್ಳೆಯದು. 2002ರ ಆಗಸ್ಟ್ 22. ಲೀಡ್ಸ್ ನಗರದ ಹೆಡಿಂಗ್ಲಿ ಮೈದಾನ. ಸರಣಿಯಲ್ಲಿ ಭಾರತ ಒಂದು ಪಂದ್ಯ ಹಿಂದೆ ಬಿದ್ದಿತ್ತು. ಆಕಾಶದಲ್ಲಿ ಮೋಡ, ಅಂಕಣದಲ್ಲಿ ತೇವ. ಇಂಥ ಬೆಳಗಿನಲ್ಲಿ ಟಾಸ್ ಗೆದ್ದವರು ಎದುರಾಳಿಯನ್ನು ಆಡಲು ಕಳುಹಿಸುವುದು ರೂಢಿ. ನಾಯಕ ಸೌರವ್ ಗಂಗೂಲಿ ಟಾಸ್ ಗೆದ್ದು ತಾವೇ ಬ್ಯಾಟಿಂಗ್ ಆರಿಸಿಕೊಂಡರು. ಕಡೆಯ ಎರಡು ದಿನ ಅಂಕಣ ಹದಗೆಟ್ಟು ಅನಿಲ್ ಕುಂಬ್ಳೆ, ಹರ್‌ಭಜನ್ ಸಿಂಗ್ ಇವರ ಸ್ಪಿನ್ನಿಗೆ ಒದಗಬೇಕೆಂಬುದು ಅವರ ಎಣಿಕೆ. ಆ ಎಣಿಕೆ ಕೈಗೂಡಬೇಕಾದರೆ ಯಾರಾದರೂ ಮೊದಲ ದಿನವನ್ನು ದಾಟಿಸಬೇಕಾಗಿತ್ತು.

ವೀರೇಂದ್ರ ಸೆಹ್ವಾಗ್ ಬೇಗನೆ ಔಟಾದರು. ದ್ರಾವಿಡ್ ಬಂದು ಸಂಜಯ್ ಬಾಂಗರ್ ಅವರನ್ನು ಕೂಡಿಕೊಂಡರು. ಮುಂದಿನ ಗಂಟೆಗಳಲ್ಲಿ ಪ್ರೇಕ್ಷಕರಿಗೆ ಚಪ್ಪಾಳೆ ತಟ್ಟುವಂಥದು ಬಹಳವಿರಲಿಲ್ಲ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ದಾಂಡನ್ನೆತ್ತಿ ಬಿಟ್ಟುಬಿಡುವುದು. ಒಳಗೆ ಬರುವ ಚೆಂಡನ್ನು ದೇಹಕ್ಕೆ ಹತ್ತಿರ ಬರಗೊಟ್ಟು, ಕಣ್ಣಿನ ಕೆಳಗೆ, ಸಡಿಲ ಹಿಡಿತದಲ್ಲಿ ಆಡುವುದು. ಹಿಡಿತ ಸಡಿಲವಾಗಿದ್ದರೆ ಅಂಚಿಗೆ ತಾಗಿದ ಚೆಂಡೂ ಸ್ಲಿಪ್ಪನ್ನು ತಲುಪದೆ ಮುಂದೆಯೇ ನೆಲ ಮುಟ್ಟುತ್ತದೆ. ಮೈಮೇಲೆ ಬಡಿದ ಚೆಂಡುಗಳನ್ನು ಸಹಿಸಿಕೊಳ್ಳುವುದೂ ಈ ಆಟದ ಒಂದು ಭಾಗ. ಭಾರತದಲ್ಲಿ ಬೆಳೆದ ದಾಂಡಿಗನಿಗೆ ಎಲ್ಲಕ್ಕಿಂತ ಕಠಿನವಾದುದು ಈ ಬಿಟ್ಟುಬಿಡುವಿಕೆ. ತವರಿನಲ್ಲಿ ರನ್ ಕೊಡುತ್ತಿದ್ದ ಚೆಂಡು ಕಣ್ಣೆದುರು ಬಂದಾಗ ಕೈ ತಾನಾಗಿ ಮುಂದೆ ಚಾಚುತ್ತದೆ; ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ದ್ರಾವಿಡ್ ಮತ್ತು ಬಾಂಗರ್ 170 ರನ್ ಕೂಡಿಸಿದರು. ಸಂಜೆ ಆಟ ನಿಂತಾಗ ಭಾರತ ಕಳೆದುಕೊಂಡಿದ್ದುದು ಎರಡೇ ವಿಕೆಟ್.

ಮಾರನೆಯ ದಿನ ಬಿಸಿಲು ಬಿದ್ದ ಮೇಲೆ ಸಚಿನ್ ತೆಂಡೂಲ್ಕರ್ 193, ಗಂಗೂಲಿ 128 ರನ್ ಹೊಡೆದು ಮೈದಾನವನ್ನು ಸೂರೆಗೊಂಡರು. ಭಾರತ 8 ವಿಕೆಟ್‌ಗೆ 628 ರನ್ ಗಳಿಸಿ, ಕೊನೆಗೆ ಒಂದು ಇನಿಂಗ್ಸ್ ಮತ್ತು 46 ರನ್ನುಗಳಿಂದ ಗೆದ್ದಿತು. ಕುಂಬ್ಳೆ ಏಳು ವಿಕೆಟ್ ಪಡೆದರು. ದ್ರಾವಿಡರ 148 ಮೂರು ಶತಕಗಳಲ್ಲಿ ಎರಡನೆಯದು. ಆದರೂ ಪಂದ್ಯಪುರುಷ ಪ್ರಶಸ್ತಿ ಅವರಿಗೇ ಸಂದಿತು. ತೀರ್ಪುಗಾರರು ರನ್ನುಗಳನ್ನು ಎಣಿಸುವುದರ ಜೊತೆಗೆ ತೂಗಿಯೂ ನೋಡಿದ್ದರು.

ಮುಂದಿನ ವರ್ಷ ಡಿಸೆಂಬರಿನಲ್ಲಿ, ಹಿಂದೆ ಸೋತು ಬಂದಿದ್ದ ಆಸ್ಟ್ರೇಲಿಯಕ್ಕೇ ಹೋಗಿ, ಅಡಿಲೇಡಿನಲ್ಲಿ 233 ಮತ್ತು ಔಟಾಗದೆ 72 ರನ್ ಗಳಿಸಿ ಅವರು ಭಾರತವನ್ನು ಗೆಲ್ಲಿಸಿದರು. 1981ರ ಮೆಲ್ಬರ್ನ್ ಪಂದ್ಯದ ಅನಂತರ ಆ ದೇಶದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. 15.50 ಇದ್ದ ಸರಾಸರಿ ಆ ಪ್ರವಾಸದಲ್ಲಿ 123.80 ಆಯಿತು. 2011ರಲ್ಲಿ, 38ರ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಭಾರತ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತಾಗ ಅವರೊಬ್ಬರೇ ಮೂರು ಶತಕ ಹೊಡೆದರು. ಅದಾದ ಕೆಲವೇ ತಿಂಗಳುಗಳಲ್ಲಿ ಆಸ್ಟ್ರೇಲಿಯದಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ ಆರು ಸಲ ಬೌಲ್ಡ್ ಆದರು. 2012ರ ಮಾರ್ಚಿನಲ್ಲಿ ನಿವೃತ್ತರಾದರು. ಕಣ್ಣು ಕಾಲುಗಳ ಲೆಕ್ಕ ಒಮ್ಮೆ ಕಲಿತರೆ ಕಡೆಯತನಕ ಉಳಿಯುವಂಥದೇನೂ ಅಲ್ಲ.

ಈಚಿನ ಕನ್ನಡಿಗರಲ್ಲಿ ಇಬ್ಬರನ್ನು ಹೋಲಿಸಿ ನೋಡಿರಿ. ಮಯಾಂಕ್ ಅಗರ್‌ವಾಲ್ ಅವರ ನಾಲ್ಕು ಟೆಸ್ಟ್ ಶತಕಗಳೂ ಭಾರತದಲ್ಲಿಯೇ ಬಂದವು. ಅವುಗಳಲ್ಲಿ ಎರಡು ದ್ವಿಶತಕಗಳು. ಮಂಗಳೂರಿನ ಬಳಿಯ ಸುರತ್ಕಲ್‌ನಲ್ಲಿ ಬೆಳೆದ ಕೆ. ಎಲ್. ರಾಹುಲ್ ಅವರ ಕಥೆ ಇದಕ್ಕೆ ತಲೆಕೆಳಗು. 2025ರ ಅಕ್ಟೋಬರಿನವರೆಗಿನ ಅವರ 11 ಶತಕಗಳಲ್ಲಿ 9 ಹೊರದೇಶಗಳವು: ಸಿಡ್ನಿ, ಕೊಲಂಬೊ, ಕಿಂಗ್‌ಸ್ಟನ್, ಓವಲ್, ಲೀಡ್ಸ್, ಲಾರ್ಡ್ಸ್‌ನಲ್ಲಿ ಎರಡು, ದಕ್ಷಿಣ ಆಫ್ರಿಕದ ಸೆಂಚೂರಿಯನ್‌ನಲ್ಲಿ ಎರಡು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ 199 ಹೊಡೆದ ಮೇಲೆ ತವರಿನಲ್ಲಿ ಮುಂದಿನ ಶತಕಕ್ಕೆ ಅವರು 2025ರ ಅಹಮದಾಬಾದ್ ಪಂದ್ಯದವರೆಗೆ ಕಾಯಬೇಕಾಯಿತು. ಮಯಾಂಕರನ್ನು ತವರಿನ ಹುಲಿಯೆನ್ನುವುದಾದರೆ ರಾಹುಲರನ್ನು ಏನೆನ್ನಬೇಕು? ಅಲ್ಲದೆ ಮಯಾಂಕ್ ತಮ್ಮ ಮೊದಲ ಟೆಸ್ಟ್ ಇನಿಂಗ್ಸ್ ಆಡಿದ್ದು 2018ರ ಡಿಸೆಂಬರ್ 26ರಂದು, ಮೆಲ್ಬರ್ನ್‌ನಲ್ಲಿ. ಗಳಿಸಿದ್ದು 76 ರನ್. ಅವರು ಆಡಿದ್ದು ಒಟ್ಟು 21 ಟೆಸ್ಟ್. ಅಷ್ಟು ಕಡಿಮೆ ಪಂದ್ಯಗಳನ್ನು ಮತ್ತೆ ಎರಡಾಗಿ ಸೀಳಿ ಒಬ್ಬನ ಗುಣವನ್ನು ನಿರ್ಧರಿಸುವುದು ನಾಲ್ಕು ದಿನದ ಮಳೆಯನ್ನು ಕಂಡು ಆ ವರ್ಷದ ಬೆಳೆಯನ್ನು ಹೇಳಿದಂತೆ.

ಇನ್ನು ತವರು ನೆಲವಾದರೂ ಸದಾ ತವರಾಗಿಯೇ ಇರುತ್ತದೆಯೇ? ಚಿನ್ನಸ್ವಾಮಿ ಕ್ರೀಡಾಂಗಣದ ಅಂಕಣವನ್ನೇ ಕೇಳಬೇಕು. 1987ರ ಮಾರ್ಚಿನಲ್ಲಿ ಪಾಕಿಸ್ತಾನದ ವಿರುದ್ಧ ಅಲ್ಲಿ ನಡೆದ ಟೆಸ್ಟ್‌ನಲ್ಲಿ ಚೆಂಡು ವಿಪರೀತವಾಗಿ ತಿರುಗಿತು. ಪಾಕಿಸ್ತಾನ ಮೊದಲ ಇನಿಂಗ್ಸ್‌ನಲ್ಲಿ 116ಕ್ಕೆ ಉರುಳಿತು. ಆದರೆ ಅದೇ ತಿರುವು ಕಡೆಗೆ ನಮ್ಮವರನ್ನೂ ಬಲಿ ತೆಗೆದುಕೊಂಡಿತು. ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ರನ್ ಗಳಿಸಿ ಏಕಾಂಗಿಯಾಗಿ ಹೋರಾಡಿದರೂ ಭಾರತ 16 ರನ್ನುಗಳಿಂದ ಸೋತಿತು. ಎದುರಾಳಿಗೆಂದು ತೋಡಿದ ಗುಂಡಿ ಎಂದು ಆಗ ಜನ ಆಡಿಕೊಂಡುದು ನನಗೆ ನೆನಪಿದೆ.

ಮೂವತ್ತೇಳು ವರ್ಷಗಳ ಅನಂತರ ಇದಕ್ಕಿಂತ ವಿಚಿತ್ರವಾದುದು ನಡೆಯಿತು. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ತಂಡ ಬೆಂಗಳೂರಿಗೆ ಬಂದಿತು. ಮಳೆಯಿಂದ ಮೊದಲ ದಿನದ ಆಟವೇ ನಡೆಯಲಿಲ್ಲ. ಅಂಕಣ ಹೊದಿಕೆಯ ಕೆಳಗೆ ತೇವವನ್ನು ಹಿಡಿದುಕೊಂಡಿತ್ತು. ಅಕ್ಟೋಬರ್ 17ರ ಬೆಳಿಗ್ಗೆಯೂ ಆಕಾಶ ಮೋಡದಿಂದ ಮುಚ್ಚಿತ್ತು. ಭಾರತ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಿತು. ಅಂಕಣವನ್ನು ಅರಿಯುವಲ್ಲಿ ತಾವು ಎಡವಿದುದಾಗಿ ನಾಯಕ ರೋಹಿತ್ ಶರ್ಮಾ ಸಂಜೆ ಒಪ್ಪಿಕೊಂಡರು. ಚೆಂಡು ಗಾಳಿಯಲ್ಲಿ ಬಾಗಿತು, ನೆಲದಿಂದಲೂ ಹೊರಳಿತು. ಮ್ಯಾಟ್ ಹೆನ್ರಿ 15 ರನ್ನಿಗೆ 5, ವಿಲಿಯಂ ಓರೂರ್ಕ್ 22 ರನ್ನಿಗೆ 4 ವಿಕೆಟ್ ಪಡೆದರು. ಐವರು ಸೊನ್ನೆಗೆ ಔಟಾದರು. ಲಾರ್ಡ್ಸ್‌ನಲ್ಲಿ, ಸೆಂಚೂರಿಯನ್‌ನಲ್ಲಿ ಎರಡೆರಡು ಶತಕ ಹೊಡೆದ ರಾಹುಲ್ ಆ ಐವರಲ್ಲಿ ಒಬ್ಬರು. ಭಾರತದ ಒಟ್ಟು 46. ತವರಿನಲ್ಲಿ ಭಾರತ ಗಳಿಸಿದ ಮೊತ್ತಗಳಲ್ಲಿ ಇದಕ್ಕಿಂತ ಕಡಿಮೆಯಾದುದು ಅಂದಿಗೆ ಮತ್ತೊಂದಿರಲಿಲ್ಲ. ಇದಕ್ಕಿಂತ ಸಣ್ಣ ಮೊತ್ತಗಳಾದ 1974ರ 42 ಲಾರ್ಡ್ಸ್‌ನದು, 2020ರ 36 ಅಡಿಲೇಡಿನದು. ಆ ಒಂದು ಬೆಳಗಿನ ಮಟ್ಟಿಗೆ ಕಬ್ಬನ್ ಉದ್ಯಾನದ ಪಕ್ಕದಲ್ಲಿ ಇಂಗ್ಲೆಂಡಿನ ಹವೆಯೇ ಬಂದಿಳಿದಿತ್ತು.

ಅನಂತರ ಆಡಿದ ನ್ಯೂಜಿಲೆಂಡ್ 402 ರನ್ ಗಳಿಸಿತು. ಅದರಲ್ಲಿ 134 ರನ್ ರಚಿನ್ ರವೀಂದ್ರ ಅವರದು. 1999ರಲ್ಲಿ ವೆಲಿಂಗ್ಟನ್‌ನಲ್ಲಿ ಹುಟ್ಟಿದ ಈ ಯುವಕನ ತಂದೆತಾಯಿಗಳು ಬೆಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದವರು. ಅಷ್ಟು ಹೊತ್ತಿಗೆ ಬಿಸಿಲು ಬಂದು ಅಂಕಣ ಒಣಗಿತ್ತು. ಚೆಂಡು ಹಳತಾಗಿ ಭಾರತದ ಸ್ಪಿನ್ ಬೌಲರುಗಳು ಎಸೆಯುತ್ತಿದ್ದರು. ಎಡಗೈ ದಾಂಡಿಗರಾದ ರಚಿನ್ ಹೆಜ್ಜೆ ಮುಂದಿಟ್ಟು ಚೆಂಡು ತಿರುಗುವ ಮೊದಲೇ ಅದನ್ನು ಎದುರಿಸಿದರು. ಗಿಡ್ಡನೆಯ ಚೆಂಡಿಗೆ ಹಿಂಗಾಲಿನ ಮೇಲೆ ಸರಿದರು. ಈ ಸರಣಿಗೆ ಮುನ್ನ ಅವರು ಚೆನ್ನೈಗೆ ಬಂದು, ಕೆಂಪು ಮಣ್ಣಿನ ಮತ್ತು ಕಪ್ಪು ಮಣ್ಣಿನ ಅಂಕಣಗಳೆರಡರ ಮೇಲೂ ಅಭ್ಯಾಸ ಮಾಡಿ ಹೋಗಿದ್ದರು. ಎರಡನೆಯ ಇನಿಂಗ್ಸ್‌ನಲ್ಲಿ ಗೆಲುವಿಗೆ 107 ರನ್ ಬೇಕಾದಾಗ ಔಟಾಗದೆ 39 ರನ್ ಗಳಿಸಿ ಅವರು ಕಡೆಯವರೆಗೂ ಉಳಿದರು. ನ್ಯೂಜಿಲೆಂಡ್ ಭಾರತದಲ್ಲಿ ಟೆಸ್ಟ್ ಪಂದ್ಯವೊಂದನ್ನು ಗೆದ್ದು ಮೂವತ್ತಾರು ವರ್ಷಗಳಾಗಿದ್ದವು.

ಆ ಪಂದ್ಯ ಮುಗಿದ ವಾರ, ಬೆಳಗಿನ ತಿರುಗಾಟದಲ್ಲಿ ನಮ್ಮ ರಸ್ತೆಯ ಹುಡುಗನು ಎದುರಾದನು. "ಮೇಷ್ಟ್ರೇ, ರಚಿನ್‌ಗೆ ಇದು ತವರೋ, ಹೊರಗಿನ ನೆಲವೋ? ಲೆಕ್ಕದಲ್ಲಿ ಎಲ್ಲಿಗೆ ಸೇರಿಸುತ್ತಾರೆ?" ಎಂದು ಕೇಳಿದನು. ಹೊರಗಿನದಕ್ಕೆ ಸೇರಿಸುತ್ತಾರೆ ಎಂದೆನು. ಅವನಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಅವನ ಕೈಯಲ್ಲಿ ಅಂದು ಟೆನಿಸ್ ಚೆಂಡಿನ ಬದಲು ಹಳೆಯದೊಂದು ಚರ್ಮದ ಚೆಂಡಿತ್ತು. ಇಬ್ಬನಿ ಆರುವುದರೊಳಗೆ ಮೈದಾನಕ್ಕೆ ಹೋಗಬೇಕೆಂದು ಹೇಳಿ ಓಡಿದನು.